ಬಿಸ್ಕೀಟು ಯಾರು ತಿನಿಸಬೇಕು

ಗೆಳತ್ಯಾರ, ಇವತ್ತು ನಾ ಕೆಟ್ಟ ಸೊಸಿ ಆದೆ.

ನಮ್ಮತ್ತಿಗೆ ಲಕ್ವಾ ಹೊಡದು ಮೂರು ತಿಂಗಳಾತು. ಬಲಗೈ ಈಗೀಗ ಏಳಾಕತ್ತೈತಿ. "ಚೆಲ್ಲಿದ್ರೂ ಅವರ ಕೈಲೇನ ತಿನ್ನಲಿ, ನೀವು ತಿನಿಸಬ್ಯಾಡ್ರಿ. ಕೆಲಸ ಕೊಟ್ಟಷ್ಟೂ ಆ ಕೈ ಮತ್ತ ಕಲೀತೈತಿ" ಅಂತ ಫಿಜಿಯೋಥೆರಪಿ ಡಾಕ್ಟರ್ ತಾಕೀತು ಮಾಡ್ಯಾರ.

ಮಧ್ಯಾಹ್ನ ಅತ್ತಿ ಚಹಾದಾಗ ಬಿಸ್ಕೀಟು ಅದ್ದಿ, ಅರ್ಧ ಸೀರಿ ಮ್ಯಾಲ ಚೆಲ್ಲಿಕೊಂಡು ತಿನ್ನಾಕತ್ತಿದ್ರು. ನಾ ಎದುರಿಗೆ ಸುಮ್ಮನ ಕುಂತಿದ್ದೆ. ಅಷ್ಟರಾಗ ಭೋಜದಿಂದ ಅವರ ತಂಗಿ ನೋಡಾಕ ಬಂದ್ರು.

"ಅಕ್ಕ ಇಷ್ಟು ಒದ್ದಾಡಾಕತ್ತಾಳ, ನೀ ಕುಂತು ನೋಡ್ತೀಯಲ್ಲ ಬೇ?"

"ಡಾಕ್ಟರ್ ಹೇಳ್ಯಾರ್ರಿ ಮೌಶಿ."

"ಯಾವ ಡಾಕ್ಟರ್ ಹಿಂಗ ಹೇಳ್ತಾನ?" ಅಂತ ಬಿಸ್ಕೀಟು ಕಸಗೊಂಡು ತಾವ ತಿನಿಸಿದ್ರು. ಅತ್ತಿ ಕೈ ಮಡಿಲಾಗ ಇಟ್ಕೊಂಡು ಗುಬ್ಬಿಮರಿ ಹಂಗ ಬಾಯಿ ತೆರದ್ರು.

ಮೌಶಿ ಕಣ್ಣೊರಸಿಕೊಂಡು ಹೋದ ಮ್ಯಾಲ ಅತ್ತಿ ಅದೇ ಬಲಗೈಲೆ ಉಳಿದ ಬಿಸ್ಕೀಟು ಎತ್ಕೊಂಡ್ರು.

"ಅವರ ಮುಂದ ಯಾಕ್ರಿ ಹಂಗ ಮಾಡಿದ್ರಿ?" ಅಂದೆ.

ತೊದಲಕೋತ ಅಂದ್ರು: "ನಿಪ್ಪಾಣಿಯಾಗ ಬಸ್ ಬದಲಿಸಿ ಬಂದಾಳ, ಪಾಪ. ಏನರ ಮಾಡಿದೆ ಅನ್ನೋ ಸಮಾಧಾನ ಆಕಿಗೂ ಬೇಕಲ್ಲ."

ಪುಣ್ಯ ಮೌಶಿ ಪಾಲಿಗೆ, ಬಿಸ್ಕೀಟು ಅತ್ತಿ ಪಾಲಿಗೆ. ನನ್ನ ಹೆಸರು ಇಷ್ಟೊತ್ತಿಗೆ ಭೋಜ ಮುಟ್ಟಿರಬೇಕು.