ಅತ್ತೆ ಗುಡಿಸಿದ ದಾರಿ

ನಿಜಾಮರ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ನಮ್ಮ ಕಡೆಯ ಜನ ನಿರಾಳವಾಗಿ ಓಡಾಡತೊಡಗಿದ್ದ ಕಾಲ. ಕಮಲಾಪುರದ ಮಗಳಾದ ನಾನು ಮಹಾಗಾಂವಕ್ಕೆ ಸೊಸೆಯಾಗಿ ಬಂದು ವರ್ಷವೂ ತುಂಬಿರಲಿಲ್ಲ. ಯಜಮಾನರು ಕಲಬುರಗಿಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ದಿನಾ ಸೈಕಲ್ ಮೇಲೆ ಹೋಗಿ ಬರಬೇಕು.

ಊರಿನಿಂದ ಕಲಬುರಗಿಗೆ ಹೋಗುವ ಸಡಕಿನವರೆಗೆ ಹೊಲಗಳ ನಡುವಿನ ಬಂಡಿದಾರಿ. ಜೋಳ ಬಿತ್ತಿದ ಮೇಲೆ ಬೇಲಿಗೆಂದು ಜಾಲಿ ಮುಳ್ಳು ಕಡಿದು, ಬಂಡಿಯ ಹಿಂದೆ ಕಟ್ಟಿ ನೆಲದ ಮೇಲೇ ಎಳೆದುಕೊಂಡು ಹೋಗುವುದು ಅಲ್ಲಿಯ ರೂಢಿ. ಉದುರಿದ ಮುಳ್ಳೆಲ್ಲ ದಾರಿಹೋಕರ ಪಾಲಿಗೆ. ಬರಿಗಾಲಿನ ಹೆಂಗಸರು ಕುಂಟುತ್ತ ಮನೆ ಸೇರುತ್ತಿದ್ದರು. ನಮ್ಮ ಸೈಕಲ್ಲಂತೂ ಮೇಲಿಂದ ಮೇಲೆ ಪಂಕ್ಚರ್.

ಒಂದು ಸಂಜೆ ಯಜಮಾನರು ಸೈಕಲ್ ತಳ್ಳಿಕೊಂಡು ಬಂದು ಕಟ್ಟೆಯ ಮೇಲೆ ಕುಸಿದು ಕೂತರು.

“ಅವ್ವ, ಇನ್ನೊಮ್ಮಿ ತಡ ಆದ್ರ ಬರಬ್ಯಾಡ ಅಂದಾರ ಸಾವಕಾರ್ರು.”

ಅತ್ತೆ, “ಅಂಗಳ ದಿನಾ ಕಸ ಹೊಡಿತೀವಿ. ದಾರಿ ಹೊಡದ್ರ ಕೈ ಸವೀತಾವೇನು?” ಎಂದರು.

ಮರುದಿನವೇ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಮನೆಮನೆ ತಿರುಗಿದರು. ತಮ್ಮ ತಮ್ಮ ಹೊಲದ ಮುಂದಿನ ದಾರಿಯನ್ನು ಅವರವರೇ ಗುಡಿಸಬೇಕು, ಮುಳ್ಳನ್ನು ಎಳೆಯದೆ ಬಂಡಿಯೊಳಗೆ ಹೇರಬೇಕು ಎಂದು ಎಲ್ಲರನ್ನೂ ಒಪ್ಪಿಸಿದರು. ಅತ್ತೆಯ ಬಾಯಿಗೆ ಹೆದರಿ ಒಪ್ಪಿದವರೇ ಹೆಚ್ಚು, ಅದು ಬೇರೆ ಮಾತು.

ಎಲ್ಲ ಸರಿಹೋಯಿತು ಎನ್ನುವಾಗ ಮತ್ತೆ ಮುಳ್ಳು ಎಳೆದುಕೊಂಡು ಬಂದವರು ಬೇರೆ ಯಾರೂ ಅಲ್ಲ, ಅತ್ತೆಯ ಒಡಹುಟ್ಟಿದ ತಮ್ಮ. ಅತ್ತೆ ಪೊರಕೆ ಹಿಡಿದೇ ಎತ್ತುಗಳ ಮುಂದೆ ನಿಂತುಬಿಟ್ಟರು. ನಾನೂ ಸೆರಗು ಸಿಕ್ಕಿಸಿಕೊಂಡು ಅವರ ಪಕ್ಕ ನಿಂತೆ.

“ದಾರಿ ಬಿಡು ಅಕ್ಕ, ಹೊತ್ತಾಗ್ಯದ. ನಾ ಏನ್ ಹೊರಗಿನಂವ ಏನು?”

“ಹೊರಗಿನಂವ ಆಗಿದ್ರ ಬೈದು ಬಿಡ್ತಿದ್ದೆ. ನಿನ್ನ ಬಿಟ್ರ ನಾಳಿ ನನ್ನ ಮಾತ ಯಾರು ಕೇಳ್ತಾರ? ಇಳಿ ಕೆಳಗ.”

ಸುತ್ತಲ ಹೊಲದವರು ಕೆಲಸ ಬಿಟ್ಟು ನೋಡುತ್ತಿದ್ದರು. ಅತ್ತೆಯ ತಮ್ಮ ಮುಖ ಗಂಟು ಹಾಕಿಕೊಂಡೇ ಇಳಿದರು. ಹೊರೆಯನ್ನು ಬಂಡಿಗೇರಿಸಿ, ಉದುರಿದ ಮುಳ್ಳು ಆರಿಸತೊಡಗಿದರು. ಅತ್ತೆಯೂ ಬಗ್ಗಿ ಅವರ ಜೊತೆ ಆರಿಸಿದರು. ಅಂದಿನಿಂದ ಆ ದಾರಿಯಲ್ಲಿ ಮುಳ್ಳೆಳೆಯುವ ಬಂಡಿಯನ್ನು ನಾನು ಕಾಣಲಿಲ್ಲ. ಯಜಮಾನರ ನೌಕರಿ ಉಳಿಯಿತು.

ಸುಗ್ಗಿ ಮುಗಿದ ಮೇಲೆ ಯಜಮಾನರು ತಾಯಿಗೆ ಕಲಬುರಗಿ ತೋರಿಸಲು ಹೊರಟರು. ಸೈಕಲ್ ಅಂದರೆ ಮಾರು ದೂರ ಸರಿಯುತ್ತಿದ್ದ ಅತ್ತೆ, ಅಂದು ಕ್ಯಾರಿಯರ್ ಮೇಲೆ ನೆಟ್ಟಗೆ ಕೂತಿದ್ದರು. ಹೊಲದಲ್ಲಿದ್ದ ಹೆಂಗಸೊಬ್ಬಳು, “ಎಲ್ಲಿಗಿ ಹೊಂಟೀರಿ ಯವ್ವಾ?” ಎಂದು ಕೂಗಿದಳು.

“ನಾವು ಹೊಡದ ದಾರಿ ಹ್ಯಾಂಗದ ನೋಡಾಕ ಹೊಂಟೀನಿ,” ಎಂದರು ಅತ್ತೆ. ಕಳಿಸಲು ಹೊಲದವರೆಗೆ ಬಂದಿದ್ದ ನಾನು ಅದನ್ನು ಕೇಳಿ, ಸೈಕಲ್ ಮರೆಯಾಗುವವರೆಗೂ ಹೆಮ್ಮೆಯಿಂದ ನೋಡುತ್ತ ನಿಂತೆ.

ದಾರಿಯಲ್ಲಿ ಮುಳ್ಳು ಕಂಡರೆ ಈ ವಯಸ್ಸಿನಲ್ಲೂ ಬಗ್ಗಿ ತೆಗೆಯುತ್ತೇನೆ. ಮೊಮ್ಮಕ್ಕಳು ನಗುತ್ತಾರೆ. ನಗಲಿ, ನಾನು ಆ ಅತ್ತೆಯ ಸೊಸೆ.