ಹದಿನಾಲ್ಕನೇ ಮಹಡಿಯಿಂದ ಇಳಿಯುವುದು

ಆ ಜೂನ್ ಮಧ್ಯಾಹ್ನ ಅಲಾರಾಂ ಕೂಗಿದಾಗ ನಾನು ವೀಲ್‌ಚೇರಿನಲ್ಲಿ ಕೂತು ಮಗಳಿಗೆ ಮಾವಿನಹಣ್ಣು ಹೆಚ್ಚಿಕೊಡುತ್ತಿದ್ದೆ. ಗ್ರೇಟರ್ ನೋಯ್ಡಾದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಂಕಿಯ ಅಲಾರಾಂ ಆಗಾಗ ಸುಮ್ಮಸುಮ್ಮನೆ ಕೂಗಿ ತಾನೇ ನಿಲ್ಲುತ್ತಿತ್ತು, ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವತ್ತು ಮಾತ್ರ ಅದು ನಿಲ್ಲಲಿಲ್ಲ. ಹೆಂಡತಿ ಅಡುಗೆಮನೆಯಿಂದ ಬಂದು, “ಏನೋ ಸುಟ್ಟ ವಾಸನೆ ಬರ್ತಿದೆಯಲ್ಲ?” ಎನ್ನುತ್ತಾ ಬಾಗಿಲು ತೆರೆದಳು. ಕಾರಿಡಾರಿನ ತುದಿಯಲ್ಲಿ, ಕರೆಂಟಿನ ವೈರುಗಳೆಲ್ಲ ಹಾದುಹೋಗುವ ಕಪಾಟಿನ ಸಂದಿಯಿಂದ ಕಪ್ಪು ಹೊಗೆ ಬರುತ್ತಿತ್ತು. ಲಿಫ್ಟ್ ನಿಂತುಹೋಗಿತ್ತು.

ಎದುರು ಮನೆಯವರು ಹೆಂಡತಿ ಮಕ್ಕಳೊಂದಿಗೆ ಮೆಟ್ಟಿಲ ಕಡೆಗೆ ಓಡುತ್ತಿದ್ದವರು ನಮ್ಮನ್ನು ನೋಡಿ ನಿಂತರು. “ಚಲಿಯೇ ಭಾಭೀಜಿ, ಜಲ್ದಿ” ಎಂದು ನನ್ನ ಹೆಂಡತಿಗೆ ಅವಸರ ಮಾಡಿದರು. ಆಮೇಲೆ ಅವರ ಕಣ್ಣು ನನ್ನ ಮೇಲೆ, ನನ್ನ ಕುರ್ಚಿಯ ಮೇಲೆ ಬಿತ್ತು. “ಸರ್, ಆಪ್ ರುಕಿಯೇ, ಇಲ್ಲೇ ಇರಿ. ಕೆಳಗಿಂದ ಯಾರನ್ನಾದ್ರೂ ಕಳಿಸ್ತೀನಿ.” ಹೆಂಡತಿ ಮಗಳ ಕೈಯನ್ನು ಅವರ ಕೈಗೆ ಕೊಟ್ಟಳು. ಮಗಳು ತಿರುತಿರುಗಿ ನೋಡುತ್ತಾ ಹೋದಳು.

“ನೀನೂ ಹೋಗು” ಎಂದೆ.

“ಸುಮ್ನೆ ಕೂತ್ಕೊಳ್ರೀ.”

ಟವೆಲ್ಲುಗಳನ್ನು ನೆನೆಸಿ ಬಾಗಿಲ ಕೆಳಗೆ ತುರುಕಿದಳು. ಆಮೇಲೆ ನನ್ನ ಕಂಕುಳಿಗೆ ಕೈಹಾಕಿ ಎತ್ತಲು ನೋಡಿದಳು. ನಾನು ಒಂದು ಗೇಣಿನಷ್ಟು ಮೇಲೆದ್ದು ಮತ್ತೆ ಕುಸಿದೆ, ನನ್ನೊಂದಿಗೆ ಅವಳೂ ಬಿದ್ದಳು. ಅವಳ ಹಣೆ ಕುರ್ಚಿಯ ಹಿಡಿಗೆ ಬಡಿಯಿತು. ಎದ್ದು ಇನ್ನೊಮ್ಮೆ ಎತ್ತಲು ನೋಡಿದಳು. ಕೊನೆಗೆ ನನ್ನನ್ನು ಬಾಲ್ಕನಿಗೆ ತಳ್ಳಿಕೊಂಡು ಹೋಗಿ ಗಾಜಿನ ಬಾಗಿಲು ಮುಚ್ಚಿದಳು. ಕೆಳಗೆ ಹುಲ್ಲಿನ ಮೇಲೆ ಜನ ಗುಂಪುಗೂಡಿ ತಲೆಯೆತ್ತಿ ನೋಡುತ್ತಿದ್ದರು. ಕೆಲವರು ಫೋನ್ ಎತ್ತಿ ಹಿಡಿದಿದ್ದರು. ಮಗಳ ಹಳದಿ ಫ್ರಾಕ್ ಕಂಡಿತು.

ನಮ್ಮನ್ನು ಕರೆದೊಯ್ಯಲು ಯಾರೂ ಬರಲಿಲ್ಲ. ಯಾರೋ ಕೆಳಗೆ ಮೇನ್ ಸ್ವಿಚ್ ಆರಿಸಿದರಂತೆ, ಬೆಂಕಿ ತಾನಾಗಿ ತಣ್ಣಗಾಯಿತು. ಸಂಜೆಯ ಹೊತ್ತಿಗೆ ಎಲ್ಲರೂ ಮನೆ ಸೇರಿ ಎ.ಸಿ. ಹಾಕಿಕೊಂಡಿದ್ದರು.

ಅದಕ್ಕೂ ಹಿಂದಿನ ಚಳಿಗಾಲದಲ್ಲಿ ನನಗೆ ಅಪಘಾತವಾಗಿತ್ತು. ಬೆಳಿಗ್ಗೆ ಆಫೀಸಿಗೆ ಹೊರಟವನು ಎಕ್ಸ್‌ಪ್ರೆಸ್‌ವೇಯ ಮಂಜಿನಲ್ಲಿ, ಲೈಟಿಲ್ಲದೆ ನಿಂತಿದ್ದ ಲಾರಿಯೊಂದಕ್ಕೆ ಕಾರು ಗುದ್ದಿದ್ದೆ. ಸೊಂಟದ ಮೂಳೆ, ಬಲತೊಡೆ ಎರಡೂ ಮುರಿದವು. ತೊಡೆಯೊಳಗೆ ರಾಡು ಹಾಕಿದ ಡಾಕ್ಟರು, “ನಡೀತೀರಿ, ಆದರೆ ತೂಕ ಇಳಿಸಬೇಕು. ಈ ಕಾಲು ಇಷ್ಟು ಭಾರ ಹೊರಲ್ಲ” ಎಂದಿದ್ದರು. ನಾನು ತಲೆಯಾಡಿಸಿ ಮನೆಗೆ ಬಂದು, ಹೊಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮಲಗಿದಲ್ಲೇ ಕೆಲಸ ಮಾಡಿದೆ, ಕೊಟ್ಟದ್ದನ್ನೆಲ್ಲ ತಿಂದೆ. ಮೊದಲೇ ದಪ್ಪಗಿದ್ದವನ ತೂಕ ನೂರು ಕೆಜಿ ದಾಟಿತು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋಥೆರಪಿಸ್ಟ್ ಹುಡುಗಿಗೆ ನೋವೆಂದು ಹೇಳಿ ಬೇಗ ಕಳಿಸಿಬಿಡುತ್ತಿದ್ದೆ.

ಬೆಂಕಿಯ ಮರುದಿನ ಹೆಂಡತಿಯ ಹಣೆ ನೀಲಿಗಟ್ಟಿತ್ತು. ಅವಳು ಚಪಾತಿ ಹಿಟ್ಟು ನಾದುತ್ತಿದ್ದಳು.

“ನಿನ್ನೆ ಯಾಕೆ ಹೋಗಲಿಲ್ಲ? ಮಗೂಗೆ ಒಬ್ಬರಾದ್ರೂ ಇರಬೇಕಲ್ಲ.”

ಹಿಟ್ಟಿನಿಂದ ಕಣ್ಣು ತೆಗೆಯದೆ ಹೇಳಿದಳು: “ಇನ್ನೊಂದ್ಸಲ ಆದ್ರೂ ನಾನು ಹೋಗಲ್ಲ. ಅದಕ್ಕೆ ನೀವೇನ್ಮಾಡ್ತೀರೋ ಮಾಡಿ.”

ಅವಳು ಹೇಳಿದ್ದನ್ನು ಮಾಡುವವಳು.

ಅವತ್ತಿನಿಂದ ಅನ್ನ ಅರ್ಧಕ್ಕಿಳಿಸಿದೆ. ಸಕ್ಕರೆ, ಕರಿದದ್ದು ಬಿಟ್ಟೆ. ಫಿಸಿಯೋಥೆರಪಿಸ್ಟ್ ಸಾಕೆಂದರೂ ಇನ್ನೊಂದು ಸಲ ಕಾಲೆತ್ತಿದೆ. ಬೆವರು ದಿಂಬಿಗಿಳಿಯುವಷ್ಟು ನೋವಿರುತ್ತಿತ್ತು. ವಾಕರ್ ಹಿಡಿದು ಬಚ್ಚಲಿಗೆ, ಆಮೇಲೆ ಊರುಗೋಲು ಹಿಡಿದು ಲಿಫ್ಟಿನ ತನಕ ನಡೆದೆ. ವಿಡಿಯೋ ಕಾಲಿನಲ್ಲಿ ಸಹೋದ್ಯೋಗಿಗಳು ಮುಖ ಇಳಿದಿದೆ, ಚೆನ್ನಾಗಿ ಕಾಣ್ತೀರಿ ಎಂದು ಹೊಗಳುತ್ತಿದ್ದರು. ನನಗೆ ಬೇಕಾಗಿದ್ದದ್ದು ಚೆಂದವಲ್ಲ. ನನ್ನನ್ನು ಬಿಟ್ಟು ಹೋಗದ ಈ ಹೆಂಗಸು ಎಳೆದೊಯ್ಯಬಹುದಾದಷ್ಟು ನಾನು ಹಗುರಾಗಬೇಕಿತ್ತು. ಆಗಾಗ ಅವಳು ನನ್ನ ಬೆನ್ನಹಿಂದೆ ನಿಂತು ಕಂಕುಳಿಗೆ ಕೈಹಾಕಿ ಎತ್ತಿ ನೋಡುತ್ತಿದ್ದಳು. “ಇನ್ನೂ ಆಗಲ್ಲ” ಎಂದು ಬಿಡುತ್ತಿದ್ದಳು. ಮಗಳಿಗೆ ಇದು ಆಟವೆನಿಸಿತ್ತು. “ಪಪ್ಪಾ, ಅಬ್ ಉಠಾ ಸಕ್ತೀ ಹೈ ಕ್ಯಾ ಅಮ್ಮಾ? ಈಗ ಎತ್ತೋಕಾಗುತ್ತಾ?” ಎಂದು ಶಾಲೆಯಿಂದ ಬಂದೊಡನೆ ಕೇಳುವಳು. ನಾವಿಬ್ಬರೂ ನಗುತ್ತಿರಲಿಲ್ಲ.

ಮಳೆಗಾಲ ಮುಗಿಯುವಾಗ ಮೆಟ್ಟಿಲಿಳಿಯಲು ಶುರುಮಾಡಿದೆ. ಮೊದಲು ಒಂದು ಮಹಡಿ ಇಳಿದು ಲಿಫ್ಟಿನಲ್ಲಿ ವಾಪಸು, ಕೆಲವು ವಾರ ಕಳೆದ ಮೇಲೆ ಎರಡು ಮಹಡಿ. ಹೆಂಡತಿ ಯಾವಾಗಲೂ ನನಗಿಂತ ಒಂದು ಮೆಟ್ಟಿಲು ಕೆಳಗೆ, ನನ್ನ ಕಡೆ ಮುಖಮಾಡಿ ಹಿಮ್ಮುಖವಾಗಿ ಇಳಿಯುತ್ತಿದ್ದಳು. ನಾನು ಬಿದ್ದರೆ ಅವಳ ಮೇಲೇ ಬೀಳಬೇಕು. ಹಿಂದೆ ಬಾ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

ಆ ಮೆಟ್ಟಿಲುಗಳಲ್ಲಿ ಯಾರೂ ಓಡಾಡುತ್ತಿರಲಿಲ್ಲ. ದೀಪಗಳು ಕೆಟ್ಟಿದ್ದವು. ನನ್ನ ಕಾಲಿಗೆ ಒಂದೊಂದೇ ಮಹಡಿ ದಕ್ಕುತ್ತಿದ್ದ ಹಾಗೆ ನಾವು ಎಂಥ ಕಟ್ಟಡದಲ್ಲಿದ್ದೇವೆಂದು ಗೊತ್ತಾಗುತ್ತಾ ಹೋಯಿತು. ಒಂದು ಕಡೆ ಹಳೆಯ ಹಾಸಿಗೆಗಳನ್ನು ಸೂರಿನ ತನಕ ಒಟ್ಟಿದ್ದರು. ಇನ್ನೊಂದು ಕಡೆ ಕೆಟ್ಟ ವಾಷಿಂಗ್ ಮಷೀನೊಂದು ಅರ್ಧ ದಾರಿಗೆ ಅಡ್ಡವಾಗಿತ್ತು. ನೀರಿನ ಪೈಪಿರಬೇಕಾದ ಕೆಂಪು ಪೆಟ್ಟಿಗೆಯಲ್ಲಿ ಯಾರದೋ ಚಪ್ಪಲಿಗಳಿದ್ದವು. ಅಪಾರ್ಟ್‌ಮೆಂಟ್ ಸೊಸೈಟಿಯ ಸೆಕ್ರೆಟರಿಗೆ ಹೇಳಿದರೆ, “ಅಚ್ಛಾ, ದೇಖ್ತೇ ಹೈಂ, ನೋಡೋಣ” ಎನ್ನುತ್ತಿದ್ದರು. ಸಾಮಾನು ಹೋಗುತ್ತಿತ್ತು, ಕೆಲವೇ ದಿನಗಳಲ್ಲಿ ಬೇರೆಯವರದು ಬರುತ್ತಿತ್ತು.

ದೀಪಾವಳಿಯ ನಂತರ, ಕಿಟಕಿಯಾಚೆ ಪ್ರತಿವರ್ಷದ ಹೊಗೆಮಂಜು ಕವಿದು ಎದುರಿನ ಟವರು ಕಾಣದ ಒಂದು ದಿನ, ಕೆಳಗಿನ ತನಕ ಇಳಿದುಬಿಡೋಣವೆಂದು ಹೊರಟೆವು. ಮಗಳು ಶಾಲೆಗೆ ಹೋಗಿದ್ದಳು. ಅಲ್ಲಲ್ಲಿ ಕೂತು ಸುಧಾರಿಸಿಕೊಂಡು ಇಳಿದೆವು. ಕೊನೆಯ ಮೆಟ್ಟಿಲು ಮುಟ್ಟುವಾಗ ನನ್ನ ಬಲಗಾಲು ತಡೆಯಿಲ್ಲದೆ ನಡುಗುತ್ತಿತ್ತು, ಆದರೂ ಗೆದ್ದೆನೆಂಬ ಸಂತೋಷವಿತ್ತು. ಹೆಂಡತಿ ಹೊರಬಾಗಿಲು ತಳ್ಳಿದಳು. ಅದು ಒಂದು ಬೆರಳಿನಷ್ಟು ತೆರೆದು ನಿಂತಿತು. ಸಂದಿಯಲ್ಲಿ ಸರಪಳಿ ಕಂಡಿತು.

ಫೋನಿಗೆ ಸಿಗ್ನಲ್ ಇರಲಿಲ್ಲ. ಮತ್ತೆ ಮೇಲೆ ಹತ್ತುವ ಶಕ್ತಿ ನನಗಿರಲಿಲ್ಲ. ಅವಳು ನನ್ನ ಊರುಗೋಲು ತೆಗೆದುಕೊಂಡು ಬಾಗಿಲು ಬಡಿದಳು. ಬಹಳ ಹೊತ್ತಿನ ಮೇಲೆ ಗಾರ್ಡ್ ಬಂದ.

“ಭಯ್ಯಾ, ಖೋಲೋ.”

“ಮೇಡಂ, ಚಾಬಿ ಸೂಪರ್‌ವೈಸರ್ ಹತ್ರ ಇದೆ. ಊಟಕ್ಕೆ ಹೋಗಿದ್ದಾರೆ.”

“ಬೀಗ ಯಾಕೆ ಹಾಕಿದ್ದೀರಿ?”

“ಬೈಕ್ ಚೋರಿ ಆಗ್ತಿದೆ ಮೇಡಂ. ಈ ಕಡೆಯಿಂದ ಹೊರಗಿನವರು ನುಗ್ಗುತ್ತಾರೆ ಅಂತ ದೀಪಾವಳಿಗೆ ಮುಂಚೆ ಹಾಕಿದ್ರು.”

ಸೂಪರ್‌ವೈಸರ್ ಬರುವ ತನಕ ಕತ್ತಲ ಮೆಟ್ಟಿಲಲ್ಲಿ ಪಕ್ಕಪಕ್ಕ ಕೂತೆವು. ಅವಳು ನನ್ನ ತೊಡೆ ಒತ್ತುತ್ತಿದ್ದವಳು ತಟ್ಟನೆ ನಿಲ್ಲಿಸಿದಳು.

“ಜೂನ್‌ನಲ್ಲಿ ಈ ಬೀಗ ಇದ್ದಿದ್ರೆ?” ಎಂದಳು. “ಮಗೂನ ನಾನೇ ಕೈಯಾರೆ ಕಳಿಸಿದ್ದು.”

ಅಪಘಾತದ ದಿನ ಆಸ್ಪತ್ರೆಯಲ್ಲೂ ಅಳದಿದ್ದವಳು ಅಲ್ಲಿ ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಸರಪಳಿ ತೆಗೆಸಿ ಎಂದಾಗ ಸೆಕ್ರೆಟರಿ, “ಬೀಗ ತೆಗೆದು ಕಳ್ಳತನವಾದರೆ ಜವಾಬ್ದಾರಿ ನೀವು ತಗೋತೀರಾ?” ಎಂದು ಕೇಳಿದರು. ತಗೋತೀನಿ ಎಂದೆ. ಸರಪಳಿ ತೆಗೆಸಿದರು. ಮುಂದಿನ ತಿಂಗಳು ನೋಡಿದರೆ ಮತ್ತೆ ಇತ್ತು.

ಶಾಲೆಯ ವರ್ಷ ಮುಗಿದ ಕೂಡಲೆ ರಾಜಧಾನಿಯ ಆಚೆ ಮಗ್ಗುಲಿನ ದ್ವಾರಕಾದ ಹಳೆಯ ಸೊಸೈಟಿಯೊಂದರ ನೆಲಮಹಡಿಗೆ ಬಾಡಿಗೆಗೆ ಬಂದೆವು. ಈಗ ಊರುಗೋಲಿಲ್ಲದೆ ಮೆಟ್ರೋ ಸ್ಟೇಷನ್ನಿಗೆ ನಡೆದು ಹೋಗುತ್ತೇನೆ. ಕುಂಟು ಉಳಿದಿದೆ, ಇಳಿದ ತೂಕ ಮತ್ತೆ ಏರಿಲ್ಲ.

ಗ್ರೇಟರ್ ನೋಯ್ಡಾದ ಮನೆಯನ್ನು ಮಾರಲು ನೋಡಿದೆವು, ಆಗಲಿಲ್ಲ. ಕೊನೆಗೆ ಮೈಸೂರು ಕಡೆಯ ಒಂದು ಹೊಸ ಜೋಡಿಗೆ ಬಾಡಿಗೆಗೆ ಕೊಟ್ಟೆವು. ಕೀಲಿ ಕೊಡುವ ದಿನ ನಾನು ಅವರಿಗೆ ಎಲ್ಲವನ್ನೂ ಹೇಳಿದೆ. ಬನ್ನಿ, ಮೆಟ್ಟಿಲು ತೋರಿಸುತ್ತೇನೆ ಎಂದೆ. ಹುಡುಗ ಮರ್ಯಾದೆಯಿಂದ ಕೇಳಿಸಿಕೊಂಡು, “ಬೇಡ ಸರ್, ನಿಮ್ಮ ಕಾಲಿಗೆ ಯಾಕೆ ತೊಂದರೆ. ಇವಳಿಗೂ ಈಗ ಏಳನೇ ತಿಂಗಳು” ಎಂದು ಲಿಫ್ಟಿನ ಗುಂಡಿ ಒತ್ತಿದ. ಆ ಹುಡುಗಿ ಕಾರಿಡಾರಿನ ಗೋಡೆ ಹಿಡಿದು ನಿಧಾನಕ್ಕೆ ಉಸಿರಾಡುತ್ತಾ ನಿಂತಿದ್ದಳು.