ಎದುರು ಬದಿಯಿಂದ ಓದುವ ಬೋರ್ಡು

ಕಳೆದ ವಾರ ಮನೆಯ ಗ್ರಿಲ್‌ಗೆ ಬಣ್ಣ ಹೊಡೆಸಿದೆವು. ಸಂಜೆ ಬಾಗಿಲು ತೆರೆದಾಗ ಟರ್ಪೆಂಟೈನ್ ವಾಸನೆ ಮುಖಕ್ಕೆ ಬಡಿಯಿತು. ಅದರ ಹಿಂದೆಯೇ ಬೋರ್ಡ್ ಮಾಮ ನೆನಪಾದರು.

ರಾಜಾಜಿನಗರದ ನಮ್ಮ ಹಳೆಯ ಬಾಡಿಗೆ ಮನೆಯ ಮುಂದೆ ಒಂದು ಹೊಂಗೆ ಮರವಿತ್ತು. ಸುತ್ತಲಿನ ಅಂಗಡಿಗಳ ಬೋರ್ಡುಗಳನ್ನು ಅವರು ಅದರ ನೆರಳಿನಲ್ಲೇ ಬರೆಯುತ್ತಿದ್ದರು. ಮುಗಿಸಿದ ಮೇಲೆ ಬಲಗಡೆ ಕೆಳಮೂಲೆಯಲ್ಲಿ, ಅಕ್ಕಿಕಾಳಿನಷ್ಟು ಸಣ್ಣದಾಗಿ ತಮ್ಮ ಹೆಸರು ಬರೆಯುವರು. ಆ ಹೆಸರಿಗೆ ಮಾತ್ರ ತೀರಾ ತೆಳುವಾದ ಬೇರೊಂದು ಕುಂಚ.

ನಾನಾಗ ಐದನೇ ತರಗತಿ. ಹೊಸ ಜಾಮಿಟ್ರಿ ಬಾಕ್ಸ್ ಸಿಕ್ಕಿತ್ತು, ಕಂಡದ್ದನ್ನೆಲ್ಲ ಅಳೆಯುತ್ತಿದ್ದೆ. ಎದುರು ಕಟ್ಟಡದ ಎರಡನೇ ಮಹಡಿಯಲ್ಲಿ ಹೊಲಿಗೆ ಕಲಿಸುತ್ತಿದ್ದ ಆಂಟಿ ಒಂದು ಉದ್ದನೆಯ ಬೋರ್ಡ್ ಬರೆಯಲು ಹೇಳಿದ್ದರು. 'ಹೊಲಿಗೆ ತರಗತಿ' ಎಂಬ ಏಳು ಅಕ್ಷರಗಳು, ಒಂದರ ಕೆಳಗೊಂದು. ಮಾಮ ಟೀ ಕುಡಿಯಲು ಹೋದಾಗ ನೆಲದ ಮೇಲಿದ್ದ ಬೋರ್ಡಿಗೆ ಸ್ಕೇಲ್ ಹಿಡಿದೆ. ಮೇಲಿನ ಅಕ್ಷರ ಎಲ್ಲಕ್ಕಿಂತ ದೊಡ್ಡದು. ಕೆಳಗೆ ಬಂದಂತೆ ಒಂದೊಂದೂ ಸ್ವಲ್ಪ ಸ್ವಲ್ಪ ಚಿಕ್ಕದು. ತಪ್ಪು ಕಂಡುಹಿಡಿದ ಖುಷಿಗೆ ಮೆಟ್ಟಿಲು ಹತ್ತಿ ಓಡಿಹೋಗಿ ಆಂಟಿಗೆ ಹೇಳಿಬಿಟ್ಟೆ.

ಆಂಟಿ ಕೆಳಗಿಳಿದು ಬಂದು ಕೊರಳಲ್ಲಿದ್ದ ಟೇಪಿನಿಂದ ತಾವೇ ಅಳೆದರು. ಅಷ್ಟರಲ್ಲಿ ಮಾಮ ಬಂದರು.

"ಏನ್ರೀ ಇದು? ಹಿಂಗೆ ನಾನು ಬ್ಲೌಸ್ ಹೊಲಿದ್ರೆ ಬಿಡ್ತಾರಾ? ಒಂದು ತೋಳು ಉದ್ದ, ಒಂದು ಗಿಡ್ಡ!"

"ಬ್ಲೌಸ್ ಹಾಕ್ಕೊಳೋರು ಒಬ್ರೇ ಮೇಡಂ. ಬೋರ್ಡ್‌ನ ರೋಡೆಲ್ಲಾ ನೋಡುತ್ತೆ. ಮೇಲೆ ಏರಿಸಿದ್ಮೇಲೆ ಸರಿ ಕಾಣುತ್ತೆ."

"ಮೇಲೆ ಏರಿಸಿದ್ರೆ ಅಕ್ಷರ ಕುಗ್ಗುತ್ತಾ? ಟೇಪ್ ಸುಳ್ಳು ಹೇಳುತ್ತಾ? ಎಲ್ಲಾ ಒಂದೇ ಸೈಜ್ ಮಾಡ್ಕೊಡಿ."

ಮಾಮ ಅಕ್ಷರಗಳನ್ನು ಅಳಿಸಿ, ದಾರ ಹಿಡಿದು ಗೆರೆ ಎಳೆದು, ಏಳನ್ನೂ ಒಂದೇ ಅಳತೆಗೆ ಬರೆದರು. ಕೆಳಮೂಲೆಯನ್ನು ಖಾಲಿ ಬಿಟ್ಟರು. ತೆಳು ಕುಂಚವನ್ನು ಡಬ್ಬಿಯಿಂದ ತೆಗೆಯಲೇ ಇಲ್ಲ.

ಬೋರ್ಡ್ ಏರಿಸಿದ ದಿನ ಮಾಮ ನನ್ನನ್ನು ಆ ಕಟ್ಟಡದ ಬುಡದಿಂದ ರಸ್ತೆ ದಾಟಿಸಿ ಬಸ್‌ಸ್ಟಾಪಿಗೆ ಕರೆದೊಯ್ದರು.

"ಈಗ ಓದು."

ಮೇಲಿನ ಅಕ್ಷರಗಳು ಮುದುಡಿಕೊಂಡಿದ್ದವು. ಇಡೀ ಬೋರ್ಡ್ ಹಿಂದಕ್ಕೆ ವಾಲಿದಂತಿತ್ತು. ನನಗೆ ಅಳು ಬಂತು.

"ನಿನ್ನ ಸ್ಕೇಲ್ ತಪ್ಪಲ್ಲ ಕಣಮ್ಮಾ. ನೀನು ಬೋರ್ಡ್ ಪಕ್ಕ ಕೂತು ಅಳೆದೆ. ನಾನು ಇಲ್ಲಿ ನಿಂತಿದೀನಿ ಅಂದ್ಕೊಂಡು ಬರೆದಿದ್ದೆ. ಅಷ್ಟೇ."

"ನಿಮ್ ಹೆಸರು ಯಾಕೆ ಹಾಕಿಲ್ಲ ಮಾಮ?"

"ಮುಂದಿನ ಬೋರ್ಡ್‌ಗೆ ಹಾಕ್ತೀನಿ ಬಿಡು," ಎಂದು ನಕ್ಕರು.

ನಮ್ಮ ರಸ್ತೆಯಲ್ಲಿ ಅವರಿಗೆ ಮುಂದಿನ ಬೋರ್ಡ್ ಸಿಗಲಿಲ್ಲ. "ವಯಸ್ಸಾಯ್ತು ಪಾಪ, ಕಣ್ಣಂದಾಜು ಹೋಗಿದೆ," ಎಂದು ಆಂಟಿ ಸಿಕ್ಕವರಿಗೆಲ್ಲ ಹೇಳಿದರು. ನಮ್ಮ ಮನೆಗೂ ಬಂದು ಅಮ್ಮನಿಗೆ ಹೇಳಿದರು. ನಾನು ಪಕ್ಕದಲ್ಲೇ ಕೂತು ಹೋಂವರ್ಕ್ ಮಾಡುತ್ತಿದ್ದೆ. ಮೊದಲು ಬರೆದದ್ದೇ ಸರಿಯಿತ್ತು ಎಂದು ಗೊತ್ತಿದ್ದವರು ಇಬ್ಬರೇ, ಮಾಮ ಮತ್ತು ನಾನು. ಅವರು ಯಾರ ಮುಂದೆಯೂ ವಾದಿಸಲು ಹೋಗಲಿಲ್ಲ. ನಾನು ತಲೆ ಎತ್ತಲಿಲ್ಲ... ಕೆಲವು ತಿಂಗಳಲ್ಲಿ ಅಂಗಡಿಗಳಿಗೆ ಫ್ಲೆಕ್ಸ್ ಬಂತು. ಹೊಂಗೆಯ ನೆರಳಲ್ಲಿ ಸ್ಕೂಟರ್‌ಗಳು ನಿಲ್ಲತೊಡಗಿದವು.

ಮುಂದೆ ಎಂ.ಎ. ಓದುವಾಗ ಚಿತ್ರಕಲೆಯ ಪರ್ಸ್ಪೆಕ್ಟಿವ್ ಬಗ್ಗೆ ಒಂದು ಪೇಪರ್ ಇತ್ತು. ನೋಡುವವನು ನಿಂತ ಜಾಗ ಬದಲಾದರೆ ಚಿತ್ರದ ಲೆಕ್ಕವೂ ಬದಲಾಗುತ್ತದೆ ಎಂದು ಮೇಷ್ಟ್ರು ವಿವರಿಸುತ್ತಿದ್ದರು. ಎಲ್ಲರೂ ಬರೆದುಕೊಂಡರು. ನಾನು ಬರೆದುಕೊಳ್ಳಲಿಲ್ಲ. ಈಗಲೂ ಯಾರದಾದರೂ ಮಾತಿನಲ್ಲಿ ತಪ್ಪು ಕಂಡ ಕೂಡಲೇ ಬಾಯಿ ತೆರೆಯುವುದಿಲ್ಲ. ಇವರು ಇದನ್ನು ಎಲ್ಲಿ ನಿಂತು ಹೇಳುತ್ತಿದ್ದಾರೆ ಎಂದು ಒಂದು ಕ್ಷಣ ಯೋಚಿಸುತ್ತೇನೆ. ಜನ ಅದನ್ನು ನನ್ನ ಸಂಕೋಚ ಎಂದುಕೊಳ್ಳುತ್ತಾರೆ.

ಗ್ರಿಲ್‌ಗೆ ಬಣ್ಣ ಹೊಡೆಸಿದ ಮರುದಿನ ಹಳೆಯ ರಸ್ತೆಗೆ ಹೋಗಿದ್ದೆ. ಮಾಮ ಬರೆದ ಉಳಿದ ಬೋರ್ಡುಗಳು ಒಂದೂ ಇಲ್ಲ. ಎಲ್ಲ ಕಡೆ ಲೈಟಿನ ಬೋರ್ಡುಗಳು. ಹೊಲಿಗೆ ತರಗತಿ ಮುಚ್ಚಿ ವರ್ಷಗಳಾಗಿವೆಯಂತೆ. ಅದರ ಬೋರ್ಡ್ ಮಾತ್ರ ತುಕ್ಕು ಹಿಡಿದು ಹಾಗೇ ನಿಂತಿದೆ, ಯಾರಿಗೂ ಇಳಿಸಲು ತೋಚಿಲ್ಲ.

ಬಸ್‌ಸ್ಟಾಪಿನಲ್ಲಿ ನಿಂತು ಮೇಲಿನಿಂದ ಕೆಳಗೆ ಓದಿದೆ. ಬಲಗಡೆಯ ಕೆಳಮೂಲೆ ಖಾಲಿಯಿತ್ತು. ಬೇರೆ ಬೋರ್ಡುಗಳಲ್ಲಿ ಅಲ್ಲಿ ಇರುತ್ತಿದ್ದ ಹೆಸರನ್ನು ನೆನಪಿಸಿಕೊಳ್ಳಲು ನೋಡಿದೆ. ತೆಳು ಕುಂಚ ನೆನಪಾಯಿತು, ಅದನ್ನು ಹಿಡಿದ ಬೆರಳುಗಳು ನೆನಪಾದವು. ಹೆಸರು ಬರಲಿಲ್ಲ.